ಕಾಗುಣಿತದ ಗುರು ನೋವಾ ವೆಬ್‌ಸ್ಟರ್

ಆಂಗ್ಲ ನಿಘಂಟೆಂದೊಡನೆ ನೆನಪಾಗುವ ನೋವಾ ವೆಬ್‌ಸ್ಟರರು ಮೊದಲಿಗೆ ಶಾಲಾ ಉಪಾಧ್ಯಾಯರಾಗಿದ್ದರೆಂಬುದನ್ನು ಬಹುಮಂದಿ ಅರಿಯರು. ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಒಕ್ಕಲು ಮನೆತನದಲ್ಲಿ 1758ರಲ್ಲಿ ಜನಿಸಿದ ಇವರನ್ನು ಯೇಲ್ ಕಾಲೇಜಿನಲ್ಲಿ ಓದಿಸಲು ತಂದೆ ಹೊಲವನ್ನೇ ಅಡವಿಟ್ಟರು. 1778ರಲ್ಲಿ ಪದವೀಧರನಾಗಿ ಬಂದ ಮಗನಿಗೆ ಆತ ಕೊಡಲಾದುದು ಎಂಟು ಡಾಲರು ಮಾತ್ರ. ನ್ಯಾಯಶಾಸ್ತ್ರ ವ್ಯಾಸಂಗ ಮಾಡಿದರೂ ಹೊಟ್ಟೆಪಾಡಿಗೆ ಪಾಠ ಹೇಳುವ ವೃತ್ತಿಯೇ ಗತಿಯಾಯಿತು.

ಆಗ ಶಾಲೆಗಳಲ್ಲಿದ್ದುದು ಇಂಗ್ಲೆಂಡಿನ ಡಿಲ್ವರ್ತ್ ರಚಿಸಿದ ಪುಸ್ತಕ. ಅದು ಕ್ಲಸ್ಟರ್ ಎಂಬ ಶಬ್ದವನ್ನು ‘ಕ್ಲ–ಸ್ಟರ್’ ಎಂದು ಒಡೆಯುತ್ತಿತ್ತು. ನಾಲಗೆ ನುಡಿಯುವುದೊಂದು, ಪುಸ್ತಕ ಒಡೆಯುವುದೊಂದಾದರೆ ಮಗು ಏನು ಮಾಡೀತು? ವೆಬ್‌ಸ್ಟರರು ಅದನ್ನು ‘ಕ್ಲಸ್–ಟರ್’ ಎಂದು ಬಿಡಿಸಿದರು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದನ್ನು ಬಲ್ಲ ನಮ್ಮ ಛಂದಸ್ಸಿನ ವಿದ್ಯಾರ್ಥಿಗೆ ಇದರ ಮರ್ಮ ಒಡನೆಯೇ ಹೊಳೆಯುತ್ತದೆ. 1783ರಲ್ಲಿ ಅಚ್ಚಾದ ಇವರ ಕಾಗುಣಿತದ ಪುಸ್ತಕವು ಸುಲಭ ಶಬ್ದಗಳಿಂದ ಕ್ಲಿಷ್ಟ ಶಬ್ದಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ನೀಲಿ ರಟ್ಟಿನ ಪುಸ್ತಕವೆಂದೇ ಹೆಸರಾಗಿ, ಮುಂದಿನ ನೂರು ವರ್ಷಗಳಲ್ಲಿ ಕೋಟಿಗಟ್ಟಲೆ ಪ್ರತಿಗಳು ಮಾರಿದವು.

ಪ್ರತಿಯೊಂದಕ್ಕೆ ದೊರೆಯುತ್ತಿದ್ದ ಅಲ್ಪ ಹಣವೇ ಮುಂದೆ ಕೋಶಕಾರ್ಯಕ್ಕೆ ಆಧಾರವಾಯಿತು. 1806ರಲ್ಲಿ ಕಿರುಕೋಶವೊಂದನ್ನು ಹೊರತಂದು, ಬಳಿಕ ಬೃಹತ್ಕೋಶಕ್ಕೆ ಕೈಹಾಕಿದರು. ಖರ್ಚು ತಗ್ಗಿಸಲು 1812ರಲ್ಲಿ ಆಮ್ಹರ್ಸ್ಟ್ ಎಂಬ ಸಣ್ಣ ಊರಿಗೆ ಸಂಸಾರವನ್ನು ಸಾಗಿಸಿದರು; ಅಲ್ಲಿಯೂ ಸುಮ್ಮನಿರದೆ ಕಾಲೇಜೊಂದರ ಸ್ಥಾಪನೆಗೆ ದುಡಿದರು. ಶಬ್ದಮೂಲವನ್ನರಸುತ್ತ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಶೋಧಿಸಿದರು. ಅವರು ಎಡವಿದ್ದೂ ಇಲ್ಲಿಯೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ಬಾಂಧವ್ಯವನ್ನು ಜರ್ಮನ್ ಪಂಡಿತರು ಸಾಧಿಸುತ್ತಿದ್ದ ಕಾಲದಲ್ಲಿ ಇವರು ಬೈಬಲಿನ ಕಥೆಯನ್ನು ನೆಚ್ಚಿ ಸರ್ವಭಾಷೆಗಳಿಗೂ ಏಕಮೂಲವನ್ನು ಕಲ್ಪಿಸಿದರು. 1864ರ ಪರಿಷ್ಕರಣದಲ್ಲಿ ಇವರ ವ್ಯುತ್ಪತ್ತಿಗಳನ್ನು ಬಹುಮಟ್ಟಿಗೆ ಕೈಬಿಡಬೇಕಾಯಿತು. ಅರ್ಥನಿರೂಪಣೆಯ ಮಾತು ಬೇರೆ. ಅದರಲ್ಲಿ ಇವರದು ಪಳಗಿದ ಕೈ.

1825ರ ಜನವರಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕೊನೆಯ ಶಬ್ದವನ್ನು ಬರೆದು ಮುಗಿಸುವಾಗ ಅವರ ಕೈ ನಡುಗಿತಂತೆ. 1828ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಸುಮಾರು 70,000 ಶಬ್ದಗಳ ಕೋಶವು ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಕಲರ್ ಶಬ್ದದಿಂದ ‘ಯು’ ಅಕ್ಷರವನ್ನು ಇವರು ಕಳೆದುದನ್ನು ಅಮೆರಿಕದವರು ಒಪ್ಪಿದರು. ಬ್ರಿಟಿಷ್ ಪದ್ಧತಿಯ ನಮ್ಮ ಶಾಲೆಗಳಲ್ಲಿ ಅದು ಉಳಿದೇ ಇದೆ. ಟಂಗ್ ಶಬ್ದವನ್ನು ನಾಲ್ಕೇ ಅಕ್ಷರಗಳಲ್ಲಿ ಬರೆಯಬೇಕೆಂಬ ಸಲಹೆಯನ್ನಾದರೋ ಯಾರೂ ಒಪ್ಪಲಿಲ್ಲ.

ಕೋಶದ ಬೆಲೆ 20 ಡಾಲರು, ಅಚ್ಚಾದುದು 2,500 ಪ್ರತಿ, ಮಾರಾಟ ಮಂದ. ಎರಡನೆಯ ಆವೃತ್ತಿಗಾಗಿ ಈ ವೃದ್ಧರು ವಾಸದ ಮನೆಯನ್ನು ಅಡವಿಟ್ಟರು. 1843ರಲ್ಲಿ ತೀರಿಕೊಂಡಾಗ ಪ್ರತಿಗಳು ಇನ್ನೂ ಉಳಿದಿದ್ದವು. ಮೆರಿಯಂ ಸೋದರರು ಹಕ್ಕುಗಳನ್ನು ಕೊಂಡು 1847ರಲ್ಲಿ ಕೋಶವನ್ನು 6 ಡಾಲರಿಗೆ ಮಾರಿದ ಮೇಲೆಯೇ ಅದು ಜನಸಾಮಾನ್ಯರ ಮನೆಗಳನ್ನು ಸೇರಿದುದು.