ಬಿಟಿ ಶಂಟ್‌ನಲ್ಲಿ ಕಾಣದ ಇನ್ನೊಂದು ಟಿ

ನಮ್ಮ ಗೆಳೆಯನೊಬ್ಬನ ಊರು ಔರಾದ ಕಡೆಯ ಡಾಬಕಾ. ಕಳೆದ ರಜೆಯಲ್ಲಿ ಅವನು ಗ್ರೂಪಿಗೆ ಒಂದು ಫೋಟೋ ಹಾಕಿದ. ಅವನ ಅಕ್ಕನ ಮಗುವಿನ ಡಿಸ್ಚಾರ್ಜ್ ಕಾಗದ. ಮಗು ಅತ್ತರೆ ಸಾಕು, ತುಟಿ ಉಗುರು ನೀಲಿ ಆಗ್ತಿದ್ದವು. ಮನೆಯಲ್ಲಿ ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಕೊನೆಗೆ ಅಂಗನವಾಡಿಗೆ ಬಂದ ಡಾಕ್ಟರ್ ತಂಡ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ ಬೀದರಿಗೆ ಕಳಿಸಿತು, ಅಲ್ಲಿಂದ ಹೈದರಾಬಾದಿಗೆ. ಕಾಗದದಲ್ಲಿ ಬರೆದದ್ದು ಇಷ್ಟು: ಬಿಟಿ ಶಂಟ್, 4 ಮಿಮೀ. ಗೆಳೆಯ ಎರಡು ಪ್ರಶ್ನೆ ಕೇಳಿದ. ಬಿ, ಟಿ ಅಂದ್ರೆ ಏನು? ನಾಲ್ಕೇ ಮಿಲಿಮೀಟರ್ ಯಾಕೆ?

ಮೊದಲನೆಯದಕ್ಕೆ ಉತ್ತರ ಐದು ನಿಮಿಷದಲ್ಲಿ ಸಿಕ್ತು. ಬಿ ಅಂದ್ರೆ ಆಲ್ಫ್ರೆಡ್ ಬ್ಲಾಲಾಕ್ ಅನ್ನುವ ಸರ್ಜನ್. ಟಿ ಅಂದ್ರೆ ಹೆಲೆನ್ ಟಾಸಿಗ್ ಅನ್ನುವ ಮಕ್ಕಳ ಹೃದಯ ವೈದ್ಯೆ. ಇನ್ನೂ ಸ್ವಲ್ಪ ಓದಿದಾಗ ಇನ್ನೊಂದು ಟಿ ಸಿಕ್ತು, ವಿವಿಯನ್ ಥಾಮಸ್. ಅವರು ಡಾಕ್ಟರ್ ಅಲ್ಲ. ಕಾಲೇಜು ಡಿಗ್ರಿಯೂ ಇರಲಿಲ್ಲ. ಬಡಗಿ.

ಥಾಮಸ್ ಹುಟ್ಟಿದ್ದು 1910ರಲ್ಲಿ, ಅಮೆರಿಕದ ಲೂಸಿಯಾನಾದ ಕಪ್ಪು ಜನರ ಮನೆಯಲ್ಲಿ. ಬೆಳೆದದ್ದು ನ್ಯಾಶ್‌ವಿಲ್‌ನಲ್ಲಿ. ಅಪ್ಪ ಬಡಗಿ, ಮಗನೂ ಉಳಿ ಸುತ್ತಿಗೆ ಹಿಡಿದು ಕಲಿತ. ಡಾಕ್ಟರ್ ಆಗಬೇಕು ಅಂತ ಕೂಲಿಯಲ್ಲಿ ಕಾಸು ಕೂಡಿಸುತ್ತಿದ್ದರು. 1929ರಲ್ಲಿ ಷೇರು ಮಾರುಕಟ್ಟೆ ಬಿತ್ತು, ಕೆಲಸ ಹೋಯ್ತು, ಆಮೇಲೆ ಬ್ಯಾಂಕೂ ಮುಳುಗಿತು. ಕಾಲೇಜಿನ ಫೀಸ್ ದುಡ್ಡು ಹೋದರೆ ಹೇಗಿರ್ತದೆ ಅಂತ ನಮ್ಮಲ್ಲಿ ಕೆಲವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

1930ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಬ್ಲಾಲಾಕ್ ಅವರ ಲ್ಯಾಬಿಗೆ ಸೇರಿದರು. ಕೆಲವೇ ವಾರದಲ್ಲಿ ನಾಯಿಗಳ ಮೇಲೆ ಆಪರೇಷನ್ ಮಾಡೋದು, ರಕ್ತದೊತ್ತಡ ಅಳೆಯೋದು ಎಲ್ಲ ಕಲಿತರು. ಗಾಯವಾದವರು ಶಾಕ್‌ಗೆ ಹೋಗುವುದು ರಕ್ತ ಮತ್ತು ದ್ರವ ನಷ್ಟವಾಗುವುದರಿಂದ ಅಂತ ಇಬ್ಬರೂ ಸೇರಿ ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ಆ ಅರಿವು ಬಹಳ ಸೈನಿಕರ ಜೀವ ಉಳಿಸಿತು. ಇಷ್ಟಾದರೂ ಸಂಬಳದ ಪಟ್ಟಿಯಲ್ಲಿ ಥಾಮಸ್ ಕಸ ಗುಡಿಸುವ ನೌಕರ. 1941ರಲ್ಲಿ ಬ್ಲಾಲಾಕ್ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ಗೆ ಹೋದಾಗ ಥಾಮಸ್ ಅವರನ್ನೂ ಕರೆದುಕೊಂಡು ಹೋದರು. ಅಲ್ಲಿ ಬಿಳಿ ಕೋಟು ಹಾಕಿಕೊಂಡು ಓಡಾಡುವ ಕಪ್ಪು ಮನುಷ್ಯನನ್ನು ಜನ ನಿಂತು ನೋಡುತ್ತಿದ್ದರು.

ಟಾಸಿಗ್ ಅವರ ಹತ್ತಿರ ನೀಲಿ ಮಕ್ಕಳು ಬರುತ್ತಿದ್ದರು. ಹೃದಯದ ಎರಡು ಕೆಳಕೋಣೆಗಳ ನಡುವೆ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಸಣ್ಣದು. ಹಾಗಾಗಿ ಆಮ್ಲಜನಕ ತುಂಬಿಸಿಕೊಳ್ಳದ ರಕ್ತವೇ ಮೈಯಲ್ಲಿ ಸುತ್ತುತ್ತದೆ. ಶ್ವಾಸಕೋಶಕ್ಕೆ ಬೇರೆ ದಾರಿಯಿಂದ ರಕ್ತ ಕೊಡಲು ಆಗುತ್ತಾ ಅಂತ 1943ರಲ್ಲಿ ಅವರು ಕೇಳಿದರು. ನಲ್ಲಿ ಪೈಪು ಬದಲಾಯಿಸಿದ ಹಾಗೆ.

ಥಾಮಸ್ ಇದಕ್ಕೆ ಬೇಕಾದ ಹೊಲಿಗೆಯನ್ನು ಮೊದಲೇ ಹಾಕಿದ್ದರು. 1938ರಲ್ಲಿ, ಇನ್ನೂ ವಾಂಡರ್‌ಬಿಲ್ಟ್‌ನಲ್ಲಿದ್ದಾಗ, ತೋಳಿಗೆ ಹೋಗುವ ಧಮನಿಯನ್ನು ಶ್ವಾಸಕೋಶದ ಧಮನಿಗೆ ಜೋಡಿಸಿ ನೋಡಿದ್ದರು. ಶ್ವಾಸಕೋಶದಲ್ಲಿ ಒತ್ತಡ ಏರುತ್ತದೆ ಅಂದುಕೊಂಡಿದ್ದರು, ಏರಲಿಲ್ಲ. ಫೇಲ್ ಆದ ಎಕ್ಸ್‌ಪೆರಿಮೆಂಟ್ ಅಂತ ಮೂಲೆಗೆ ಬಿದ್ದಿತ್ತು. ಈಗ ಅದೇ ಬೇಕಾಯ್ತು.

ಆದರೆ ಲ್ಯಾಬಿನ ನಾಯಿಗಳಿಗೆ ನೀಲಿ ಕಾಯಿಲೆ ಇರಲಿಲ್ಲ. ಮೊದಲು ಆರೋಗ್ಯವಾಗಿದ್ದ ನಾಯಿಯಲ್ಲಿ ಆ ಸ್ಥಿತಿ ತರಬೇಕು, ಆಮೇಲೆ ಅದನ್ನು ಸರಿ ಮಾಡಬೇಕು. ಎರಡು ವರ್ಷದ ಹತ್ತಿರ, ಸುಮಾರು 200 ನಾಯಿಗಳು. (ಓದುವಾಗ ಆ ನಾಯಿಗಳ ಬಗ್ಗೆಯೂ ಸಂಕಟ ಆಗ್ತದೆ, ಮುಚ್ಚಿಡೋದು ಬೇಡ.) ನಾವು ಮಾಡೆಲಿಂಗ್ ಅಂತ ಏನು ಓದ್ತೀವೋ ಅದೇ ಇದು. ಕಂಪ್ಯೂಟರ್ ಇರಲಿಲ್ಲ, ಅಷ್ಟೇ. ಮಗುವಿನ ರಕ್ತನಾಳಕ್ಕೆ ಸರಿಯಾದ ಸೂಜಿಯೂ ಇರಲಿಲ್ಲ. ಇದ್ದ ಸೂಜಿಗಳನ್ನೇ ಕತ್ತರಿಸಿ, ಉಜ್ಜಿ ಚೂಪು ಮಾಡಿಕೊಂಡರು. ಬಡಗಿಯ ಕೈ ಇಲ್ಲಿ ಕೆಲಸಕ್ಕೆ ಬಂತು ಅಂತ ನಮ್ಮ ಅನಿಸಿಕೆ.

1944ರ ನವೆಂಬರ್ 29. ಐಲೀನ್ ಸ್ಯಾಕ್ಸನ್, 15 ತಿಂಗಳ ಮಗು, ತೂಕ ನಾಲ್ಕು ಕೆಜಿ ಚಿಲ್ಲರೆ. ಕತ್ತಿ ಹಿಡಿದವರು ಬ್ಲಾಲಾಕ್. ಅವರ ಬೆನ್ನ ಹಿಂದೆ ಸ್ಟೂಲ್ ಮೇಲೆ ನಿಂತು, ಹೆಗಲ ಮೇಲಿಂದ ಬಗ್ಗಿ ನೋಡುತ್ತಾ ಹೊಲಿಗೆ ಎತ್ತ ಹಾಕಬೇಕು ಅಂತ ಹೇಳುತ್ತಿದ್ದವರು ಥಾಮಸ್. ಈ ಕೆಲಸವನ್ನು ನೂರಾರು ಸಲ ಮಾಡಿದ್ದವರು ಆ ಕೋಣೆಯಲ್ಲಿ ಅವರೊಬ್ಬರೇ. ಮಗುವಿನ ಬಣ್ಣ ತಿರುಗಿತು. ಆದರೆ ಕೆಲವು ತಿಂಗಳ ನಂತರ ಮತ್ತೆ ನೀಲಿಯಾಗಿ, ಎರಡನೇ ಆಪರೇಷನ್ ಆದ ಮೇಲೆ ಐಲೀನ್ ತೀರಿಕೊಂಡಳು. ಆಮೇಲೆ ಬಂದ ಮಕ್ಕಳು ಬಹಳ ಮಂದಿ ಬದುಕಿದರು. 1945ರ ಮೇನಲ್ಲಿ ಲೇಖನ ಪ್ರಕಟವಾಯ್ತು. ಅದರಲ್ಲಿ ಬ್ಲಾಲಾಕ್ ಇದ್ದರು, ಟಾಸಿಗ್ ಇದ್ದರು. ಥಾಮಸ್ ಹೆಸರಿಲ್ಲ. ಸಂಬಳ ಸಾಲದೆ ಬ್ಲಾಲಾಕ್ ಮನೆಯ ಪಾರ್ಟಿಗಳಲ್ಲಿ ಅವರೇ ಡ್ರಿಂಕ್ಸ್ ಹಂಚುತ್ತಿದ್ದರು. ಹಗಲು ಅವರಿಂದ ಕಲಿತ ಸರ್ಜನ್‌ಗಳೇ ಸಂಜೆ ಅಲ್ಲಿ ಅತಿಥಿಗಳು. ಇದನ್ನು ಓದಿ ನಮಗೆ ಸಿಟ್ಟು ಬಂತು.

ಇನ್ನು ಗೆಳೆಯನ ಎರಡನೇ ಪ್ರಶ್ನೆ. ಈಗ ತೋಳಿನ ಧಮನಿ ಕತ್ತರಿಸುವುದಿಲ್ಲ, ನಡುವೆ ಗೋರ್‌ಟೆಕ್ಸ್ ನಳಿಕೆ ಹಾಕುತ್ತಾರೆ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಪಾಯ್ಸುಯಿ ಸೂತ್ರದ ಪ್ರಕಾರ ಹರಿವು ವ್ಯಾಸದ ನಾಲ್ಕನೇ ಘಾತಕ್ಕೆ ಬದಲಾಗುತ್ತದೆ. 3.5 ಮಿಮೀ ಬದಲು 4 ಹಾಕಿದರೆ ಹರಿವು ಸುಮಾರು 70% ಜಾಸ್ತಿ. 5 ಹಾಕಿದರೆ ನಾಲ್ಕರದ್ದಕ್ಕಿಂತ ಎರಡೂವರೆ ಪಟ್ಟಿನ ಹತ್ತಿರ. ಜಾಸ್ತಿ ಆದರೆ ಶ್ವಾಸಕೋಶ ತುಂಬಿ ಹೃದಯ ಸೋಲುತ್ತದೆ. ಕಡಿಮೆ ಆದರೆ ಮಗು ಮತ್ತೆ ನೀಲಿ, ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಅಷ್ಟಕ್ಕೂ ನಳಿಕೆ ಗಿಡ್ಡ, ರಕ್ತ ಮಿಡಿಯುತ್ತಾ ಹರಿಯುತ್ತದೆ, ಜೋಡಣೆಯಲ್ಲಿ ತಿರುವು ಇರುತ್ತದೆ. ಹಾಗಾಗಿ ಸೂತ್ರ ಪೂರ್ತಿ ನಡೆಯಲ್ಲ.

ಇಲ್ಲಿ ಕಂಪ್ಯೂಟರ್ ಬರ್ತದೆ. 1990ರ ದಶಕದಲ್ಲಿ ಇಟಲಿಯ ಮಿಲಾನ್‌ನ ಇಂಜಿನಿಯರ್‌ಗಳು ಲಂಡನ್ನಿನ ಸರ್ಜನ್ ಮಾರ್ಕ್ ಡಿ ಲಿವಲ್ ಜೊತೆ ಸೇರಿ ಇಂಥ ಜೋಡಣೆಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕಿದರು. ಸ್ಕ್ಯಾನ್‌ನಿಂದ ಧಮನಿಯ ಆಕಾರ ತೆಗೆದು, ಅದನ್ನು ಲಕ್ಷಾಂತರ ತುಂಡು ಮಾಡಿ, ಪ್ರತಿ ತುಂಡಿಗೂ ನೇವಿಯರ್–ಸ್ಟೋಕ್ಸ್ ಬಿಡಿಸೋದು ಈಗಿನ ರೀತಿ. ಮೈಯ ಉಳಿದ ಭಾಗಕ್ಕೆ ರೆಸಿಸ್ಟರ್, ಕೆಪಾಸಿಟರ್ ಸರ್ಕ್ಯೂಟ್ ಜೋಡಿಸುತ್ತಾರೆ. ನಮ್ಮ ಇಸಿ ಗೆಳೆಯರು ಇದನ್ನು ಕೇಳಿ ಬಹಳ ಖುಷಿಪಟ್ಟರು. ಬೇರೆ ಬೇರೆ ಅಳತೆಯ ನಳಿಕೆಯನ್ನು ಪರದೆ ಮೇಲೆ ಹಾಕಿ ನೋಡಬಹುದು, ನಾಯಿಯೂ ಬೇಡ, ಮಗುವೂ ಬೇಡ. ಆದರೆ ಎಲ್ಲ ಆಸ್ಪತ್ರೆಯಲ್ಲೂ ಇದು ದಿನದ ಕೆಲಸ ಆಗಿಲ್ಲ. ಡಾಬಕಾದ ಮಗುವಿಗೂ ಯಾರೂ ಸಿಮ್ಯುಲೇಷನ್ ಮಾಡಿರಲಿಲ್ಲ. ತೂಕ, ಧಮನಿ ನೋಡಿ ಅನುಭವದ ಮೇಲೆ ನಾಲ್ಕು ಅಂದರು.

1971ರಲ್ಲಿ ಥಾಮಸ್ ಅವರಿಂದ ಕಲಿತ ಸರ್ಜನ್‌ಗಳೇ ಅವರ ಚಿತ್ರ ಬರೆಸಿ ಹಾಪ್ಕಿನ್ಸ್‌ಗೆ ಕೊಟ್ಟರು. ಈಗ ಅದು ಬ್ಲಾಲಾಕ್ ಚಿತ್ರದ ಜೊತೆ ಇದೆ. 1976ರಲ್ಲಿ ಗೌರವ ಡಾಕ್ಟರೇಟ್ ಬಂತು, ಅದೂ ವೈದ್ಯಕೀಯದಲ್ಲಿ ಅಲ್ಲ, ಕಾನೂನಿನಲ್ಲಿ! 1985ರ ನವೆಂಬರ್ 26ರಂದು ತೀರಿಕೊಂಡರು. ಅವರ ಆತ್ಮಕಥೆ ಅಚ್ಚಾಗಿ ಹೊರಬಂದದ್ದು ಅದೇ ದಿನಗಳಲ್ಲಿ. ಈಗ ಹಲವರು ಇದನ್ನು ಬ್ಲಾಲಾಕ್–ಥಾಮಸ್–ಟಾಸಿಗ್ ಶಂಟ್ ಅಂತ ಬರೀತಾರೆ, ಬಿಟಿಟಿ.

ಡಾಬಕಾದ ಮಗು ಈಗ ಅತ್ತರೂ ಮೊದಲಿನ ಹಾಗೆ ನೀಲಿ ಆಗಲ್ಲ. ಶಂಟ್ ತಾತ್ಕಾಲಿಕ, ದೊಡ್ಡ ಆಪರೇಷನ್ ಇನ್ನೂ ಬಾಕಿ ಇದೆ. ತೂಕ ಏರಿದ ಮೇಲೆ ಮತ್ತೆ ಹೈದರಾಬಾದಿಗೆ ಬರ್ರಿ ಅಂದಾರಂತೆ.