ಕಿತ್ತೂರಿನ ರಾಣಿ ಚೆನ್ನಮ್ಮಾಜಿಯವರು

ವೀರಶೈವ ಸ್ತ್ರೀರತ್ನಗಳಲ್ಲಿ ಮಹಾದೇವಿಯಕ್ಕನವರು ವೈರಾಗ್ಯಕ್ಕೂ, ಕೆಳದಿಯ ಚೆನ್ನಮ್ಮಾಜಿಯವರು ಶರಣಾಗತರ ರಕ್ಷಣೆಗೂ ಹೆಸರಾದಂತೆ, ಕಿತ್ತೂರಿನ ಚೆನ್ನಮ್ಮಾಜಿಯವರು ಸ್ವಾತಂತ್ರ್ಯಾಭಿಮಾನಕ್ಕೆ ಹೆಸರಾದವರು. 1778ನೆಯ ಇಸವಿಯಲ್ಲಿ ಬೆಳಗಾವಿಗೆ ಸಮೀಪದ ಕಾಕತಿಯಲ್ಲಿ ಧೂಳಪ್ಪಗೌಡ ದೇಸಾಯರ ಪುತ್ರಿಯಾಗಿ ಜನಿಸಿದ ಇವರು ಕಿತ್ತೂರಿನ ಮಲ್ಲಸರ್ಜ ದೇಸಾಯರ ಕೈಹಿಡಿದರು. ದೇಸಾಯರು ಪೇಶವೆಯ ಸೆರೆಯಲ್ಲಿ ನೊಂದು 1816ರಲ್ಲಿ ಲಿಂಗೈಕ್ಯರಾದರು. ರಾಣಿಯವರ ಸ್ವಂತ ಮಗನೂ ಬಾಳಲಿಲ್ಲ. ಹಿರಿಯ ರಾಣಿ ರುದ್ರಮ್ಮನವರ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು.

ಈ ಅರಸನು 1818ರಲ್ಲಿ ಬೆಳಗಾವಿಯ ಕೋಟೆಯ ಮುತ್ತಿಗೆಯ ಕಾಲಕ್ಕೆ ಪೇಶವೆಯ ಪಕ್ಷವನ್ನು ತೊರೆದು ಇಂಗ್ಲಿಷರಿಗೆ ನೆರವಾಗಿದ್ದನು. ಆ ಉಪಕಾರದ ನೆನಪು ಕಂಪೆನಿ ಸರ್ಕಾರಕ್ಕೆ ಆರು ವರ್ಷವೂ ಉಳಿಯಲಿಲ್ಲ. 1824ರ ಸೆಪ್ಟೆಂಬರಿನಲ್ಲಿ ಅವನು ಸಂತಾನವಿಲ್ಲದೆ ತೀರಿಕೊಂಡಾಗ, ದತ್ತಕನಾಗಿದ್ದ ಬಾಲಕ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಒಪ್ಪಲಿಲ್ಲ. ದತ್ತಕಪತ್ರದ ಸಹಿಯೇ ಸಂಶಯಾಸ್ಪದವೆಂದು ಅವನು ಹೂಡಿದ ವಾದ. ಬೊಕ್ಕಸಕ್ಕೆ ಕಂಪೆನಿಯ ಮುದ್ರೆ ಬಿದ್ದಿತು. ದತ್ತಕವನ್ನು ನೆವಮಾಡಿ ರಾಜ್ಯಗಳನ್ನು ನುಂಗುವ ನೀತಿಯು ಡಾಲ್‌ಹೌಸಿಯ ಹೆಸರಿನಲ್ಲಿ ಪ್ರಸಿದ್ಧವಾಗಿದ್ದರೂ, ಅವನು ಈ ದೇಶಕ್ಕೆ ಕಾಲಿಡುವ ಎರಡು ದಶಕಗಳಿಗೂ ಮೊದಲೇ ಕಿತ್ತೂರು ಅದರ ರುಚಿಯನ್ನು ಕಂಡಿತ್ತು. ರಾಣಿಯವರು ಮೊದಲು ಹಿಡಿದುದು ಖಡ್ಗವನ್ನಲ್ಲ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೆ ಬಿನ್ನಹಪತ್ರವನ್ನು ಬರೆಯಿಸಿದರು. ಅದು ಫಲಿಸಲಿಲ್ಲ.

ಅಕ್ಟೋಬರ್ 23ರಂದು ಥ್ಯಾಕರೆಯು ಕೋಟೆಯ ಮುಂದೆ ತೋಪುಗಳನ್ನು ನಿಲ್ಲಿಸಿ, ಬಾಗಿಲನ್ನು ತೆರೆಯುವುದಕ್ಕೆ ನಿಮಿಷಗಳ ಲೆಕ್ಕದಲ್ಲಿ ಗಡುವು ಕೊಟ್ಟನು. ಬಾಗಿಲು ತೆರೆಯಿತು, ಆದರೆ ಹೊರಬಂದುದು ಶರಣಾಗತಿಯಲ್ಲ, ಸರದಾರ ಗುರುಸಿದ್ದಪ್ಪನ ಕೈಕೆಳಗಿನ ಪಡೆ. ಕಂಪೆನಿಯ ಸೈನಿಕರು ದಿಕ್ಕೆಟ್ಟರು. ಥ್ಯಾಕರೆಯು ಗುಂಡಿಗೆ ಬಲಿಯಾದನು. ಆ ಗುರಿಯ ಕೀರ್ತಿಯನ್ನು ನಾಡು ಅಮಟೂರ ಬಾಳಪ್ಪನಿಗೆ ಸಲ್ಲಿಸಿದೆ. ಕ್ಯಾಪ್ಟನ್ ಬ್ಲ್ಯಾಕ್ ಮೊದಲಾದ ಸೇನಾಧಿಕಾರಿಗಳೂ ಮಡಿದರು. ಎಲಿಯಟ್, ಸ್ಟೀವನ್‌ಸನ್ ಎಂಬಿಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು. ರಾಣಿಯವರು ಅವರ ಕೂದಲೂ ಕೊಂಕದಂತೆ ನೋಡಿಕೊಂಡರು. ಈ ಎಲಿಯಟ್ಟನೇ ಮುಂದೆ ಕನ್ನಡನಾಡಿನ ನೂರಾರು ಶಿಲಾಶಾಸನಗಳ ಪ್ರತಿಗಳನ್ನು ಮಾಡಿಸಿ ಸಂಗ್ರಹಿಸಿದ ವಿದ್ವಾಂಸನೆಂಬುದನ್ನು ನೆನೆದರೆ, ಆ ದಯೆಯಿಂದ ಕನ್ನಡಕ್ಕಾದ ಲಾಭವು ಅಲ್ಪವಲ್ಲ.

ಒಂದು ಕಾಳಗದ ಜಯವು ಒಂದು ಸ್ವಾತಂತ್ರ್ಯಯುದ್ಧದ ದಾರಿಯನ್ನೇ ತಿರುಗಿಸಬಲ್ಲುದು. ಅಮೇರಿಕಾದ ವಸಾಹತಿನವರು ಇದೇ ಇಂಗ್ಲಿಷರ ಮೇಲೆ ದಂಗೆಯೆದ್ದಾಗ, 1777ರ ಅಕ್ಟೋಬರಿನಲ್ಲಿ ಸರಟೋಗಾ ಎಂಬಲ್ಲಿ ಒಂದು ಇಡೀ ಸೈನ್ಯವನ್ನು ಶರಣಾಗಿಸಿದರು. ಅದನ್ನು ಕೇಳಿದ ಫ್ರಾನ್ಸಿನ ದೊರೆಯು ಮರುವರ್ಷವೇ ಅವರೊಡನೆ ಒಪ್ಪಂದ ಮಾಡಿಕೊಂಡು ಹಣವನ್ನೂ ನೌಕಾಬಲವನ್ನೂ ಕೊಟ್ಟನು. ಆ ಮರುವರ್ಷವೆಂಬುದು ಚೆನ್ನಮ್ಮಾಜಿಯವರ ಜನ್ಮವರ್ಷ. ಕಿತ್ತೂರಿನ ಜಯವೂ ಅದಕ್ಕೆ ಕಡಿಮೆಯದಲ್ಲ; ಕಡಿಮೆಯಾದುದು ಜಯದ ತರುವಾಯ ಬರಬೇಕಾಗಿದ್ದ ನೆರವು. ಪೇಶವೆಯ ಬಲವು ಅಳಿದು ಆರು ವರ್ಷಗಳಾಗಿದ್ದುವು. ಸುತ್ತಲಿನ ಸಂಸ್ಥಾನಿಕರು ತಂತಮ್ಮ ಸನದುಗಳನ್ನು ಎದೆಗವಚಿಕೊಂಡು ಸುಮ್ಮನಿದ್ದರು. ಒಬ್ಬಿಬ್ಬರಾದರೂ ಆ ಐದಾರು ವಾರಗಳಲ್ಲಿ ಎದ್ದುಬಂದಿದ್ದರೆ ದಕ್ಷಿಣದ ಚರಿತ್ರೆಯು ಬೇರೆಯಾಗುತ್ತಿತ್ತು.

ಆ ವಾರಗಳನ್ನು ಕಮಿಷನರ್ ಚಾಪ್ಲಿನ್ನನು ವ್ಯರ್ಥಮಾಡಲಿಲ್ಲ. ಒಂದು ಕಡೆ ಸಂಧಾನದ ಮಾತು, ಇನ್ನೊಂದು ಕಡೆ ನಾನಾ ದಂಡುಗಳಿಂದ ಸೈನ್ಯದ ಜಮಾವಣೆ. ಅವನ ಭರವಸೆಯನ್ನು ನಂಬಿ ಸೆರೆಯಾಳುಗಳನ್ನು ಬಿಟ್ಟುಕೊಡಲಾಯಿತು. ಕೈಯಲ್ಲಿದ್ದ ಒತ್ತೆಯು ಹೋದ ಮೇಲೂ ಮುತ್ತಿಗೆಯು ನಿಲ್ಲಲಿಲ್ಲ. ರಾಣಿಯವರ ನಡೆಯು ರಾಜನೀತಿಗೆ ದೋಷವೆನಿಸಬಹುದು. ಆದರೆ ಕೊಟ್ಟ ಮಾತು ನಡೆಯುವುದೆಂಬ ನಂಬಿಕೆಯಿಂದ ಮಾಡಿದುದಕ್ಕೆ ಮಾತು ತಪ್ಪಿದವನೇ ಹೊಣೆ. ಮದ್ದಿನಲ್ಲಿ ಸಗಣಿಯನ್ನು ಬೆರೆಸಿದ ಮನೆಮುರುಕರ ಕಥೆಯನ್ನು ಲಾವಣಿಕಾರರು ಹಾಡುತ್ತ ಬಂದಿದ್ದಾರೆ. ಸೋಲಾಪುರದ ಸಬ್ ಕಲೆಕ್ಟರ್ ಮನ್ರೋ ಈ ಎರಡನೆಯ ಕಾಳಗದಲ್ಲಿ ಸತ್ತನಾದರೂ, ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯು ಬಿದ್ದಿತು.

ರಾಣಿಯವರನ್ನು ಸೊಸೆಯರೊಡನೆ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. ಲಿಂಗಪೂಜೆಯಲ್ಲಿ ದಿನಗಳನ್ನು ಕಳೆದು 1829ರ ಫೆಬ್ರವರಿಯಲ್ಲಿ ಅವರು ಅಲ್ಲಿಯೇ ಲಿಂಗೈಕ್ಯರಾದರು. ಸಮಾಧಿಯೂ ಆ ಊರಲ್ಲಿಯೇ ಇದೆ. ಅದೇ ವರ್ಷ ಸಂಗೊಳ್ಳಿ ರಾಯಣ್ಣನು ಬಾಲಕ ಶಿವಲಿಂಗಪ್ಪನ ಹಕ್ಕಿಗಾಗಿ ಕಾಡುಮೇಡುಗಳಲ್ಲಿ ಮತ್ತೆ ಸಮರವನ್ನು ಹೂಡಿದನು. 1830ರ ಏಪ್ರಿಲಿನಲ್ಲಿ ಅವನನ್ನು ಮೋಸದಿಂದ ಹಿಡಿದು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ದೀಪಾಂಜಲಿನಗರದಿಂದ ಮೆಟ್ರೋ ರೈಲನ್ನೇರಿ ಬೆಂಗಳೂರಿನ ದೊಡ್ಡ ರೈಲುನಿಲ್ದಾಣಕ್ಕೆ ಹೋಗುವ ಭಕ್ತರು ಇಳಿಯುವುದು ಆ ವೀರನ ಹೆಸರಿನ ನಿಲ್ದಾಣದಲ್ಲಿಯೇ. ಕಿತ್ತೂರಿನ ವರ್ಷೋತ್ಸವವು ಆರಂಭವಾಗುವುದು ಕೋಟೆಯು ಬಿದ್ದ ಡಿಸೆಂಬರಿನಲ್ಲಿ ಅಲ್ಲ, ಬಾಗಿಲು ತೆರೆದ ಅಕ್ಟೋಬರ್ 23ರಂದು.