ಶ್ರೀಮತಿ ರೂತ್ ವೇಕ್‌ಫೀಲ್ಡ್

ಕೀರ್ತಿವಂತರ ವಿಷಯದಲ್ಲಿ ಲೋಕವು ಎರಡು ಬಗೆಯ ಕಥೆಗಳನ್ನು ಹೇಳುತ್ತದೆ. ಅವರು ಪಟ್ಟ ಶ್ರಮದ ಕಥೆ ಒಂದು. ಅವರಿಗೊಲಿದ ಅದೃಷ್ಟದ ಕಥೆ ಇನ್ನೊಂದು. ಎರಡನೆಯದೇ ಜನರಿಗೆ ಹೆಚ್ಚು ಪ್ರಿಯ. ಚಾಕೊಲೇಟ್ ಚಿಪ್ ಕುಕಿಯೆಂಬ ತಿನಿಸನ್ನು ಜಗತ್ತಿಗಿತ್ತ ಶ್ರೀಮತಿ ರೂತ್ ವೇಕ್‌ಫೀಲ್ಡರ ವಿಷಯದಲ್ಲಿಯೂ ಹೀಗೆಯೇ ಆಯಿತು.

ರೂತ್ ಅವರು 1903ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಜನಿಸಿದರು. ಫ್ರೇಮಿಂಗ್‌ಹ್ಯಾಮಿನ ಅಧ್ಯಾಪಕ ತರಬೇತಿ ಶಾಲೆಯಲ್ಲಿ ಗೃಹವಿಜ್ಞಾನವನ್ನು ಅಭ್ಯಸಿಸಿ, 1924ರಲ್ಲಿ ತೇರ್ಗಡೆ ಹೊಂದಿದರು. ಬಳಿಕ ಪ್ರೌಢಶಾಲೆಯಲ್ಲಿ ಪಾಠ ಹೇಳಿದರು, ಆಹಾರತಜ್ಞೆಯಾಗಿ ದುಡಿದರು, ಆಹಾರದ ವಿಷಯವಾಗಿ ಉಪನ್ಯಾಸಗಳನ್ನು ಕೊಟ್ಟರು. ಅಡಿಗೆಯು ಅವರಿಗೆ ಕೈಚಳಕ ಮಾತ್ರವಲ್ಲ, ಕಲಿತು ಅರಗಿಸಿಕೊಂಡ ವಿದ್ಯೆಯಾಗಿತ್ತು.

1930ರಲ್ಲಿ ಅವರೂ ಅವರ ಪತಿ ಕೆನೆತ್ ಅವರೂ ವಿಟ್‌ಮನ್ ಎಂಬ ಊರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡು ಭೋಜನಗೃಹವನ್ನು ತೆರೆದರು. ಅದಕ್ಕೆ ಟೋಲ್ ಹೌಸ್, ಅಂದರೆ ಸುಂಕದ ಕಟ್ಟೆ, ಎಂದು ಹೆಸರಿಟ್ಟರು. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದ ಕಾಲವದು. ಅಂಥ ದಿನಗಳಲ್ಲಿ ಹೋಟೆಲು ತೆರೆಯುವುದು ಸಾಹಸವೇ ಸರಿ. ಆದರೂ ರುಚಿ, ಶುಚಿ ಮತ್ತು ಅಚ್ಚುಕಟ್ಟುತನಗಳಿಂದ ಅದು ಬೇಗನೆ ಹೆಸರಾಯಿತು.

ಅಲ್ಲಿ ಐಸ್‌ಕ್ರೀಮಿನೊಡನೆ ತೆಳ್ಳನೆಯ ಕುಕಿಯೊಂದನ್ನು ಬಡಿಸುತ್ತಿದ್ದರು. ನಮ್ಮ ಮುಂಬಯಿ ಬೇಕರಿಗಳ ನಾನ್‌ಖಟಾಯಿಯನ್ನು ಬಲ್ಲವರಿಗೆ ಕುಕಿಯ ಜಾತಿ ತಿಳಿಯುವುದು ಕಷ್ಟವಲ್ಲ. ಎಲ್ಲರೂ ಅದನ್ನು ಮೆಚ್ಚಿದ್ದರು. ಆದರೆ ರೂತ್ ಅವರಿಗೆ ಹೊಸತೊಂದನ್ನು ಕೊಡುವ ಹಂಬಲ. ಸಹಾಯಕಿ ಸೂ ಬ್ರೈಡ್ಸ್ ಅವರೊಡನೆ ಪ್ರಯೋಗಕ್ಕೆ ತೊಡಗಿದರು. ಬೆಣ್ಣೆ, ಬಿಳಿಯ ಹಾಗೂ ಕಂದು ಸಕ್ಕರೆ, ಮೊಟ್ಟೆ, ಮೈದಾ, ಅಡಿಗೆ ಸೋಡ, ಅಕ್ರೋಟು ಇವುಗಳ ಕಣಕಕ್ಕೆ ನೆಸ್ಲೆ ಕಂಪನಿಯ ಅರೆಸಿಹಿ ಚಾಕೊಲೇಟನ್ನು ಚೂರು ಮಾಡಿ ಬೆರೆಸಿ ಬೇಯಿಸಿದರು. ಒಲೆಯ ಕಾವಿನಲ್ಲಿ ಚೂರುಗಳು ಮೆತ್ತಗಾದರೂ ಕರಗಿ ಕಣಕದಲ್ಲಿ ಲೀನವಾಗಲಿಲ್ಲ. ಹೊರಗೆ ಗರಿಗರಿ, ನಡುನಡುವೆ ಮೃದು ಮಧುರ! 1938ರಲ್ಲಿ ಈ ಪಾಕವಿಧಾನವು ಅವರ ಅಡಿಗೆಯ ಪುಸ್ತಕದಲ್ಲಿ ಅಚ್ಚಾಯಿತು.

1939ರಲ್ಲಿ ಅದನ್ನು ಮುದ್ರಿಸುವ ಹಕ್ಕನ್ನು ನೆಸ್ಲೆ ಕಂಪನಿಗೆ ಕೊಟ್ಟರು. ಚಾಕೊಲೇಟಿನ ಹೊದಿಕೆಯ ಮೇಲೆಯೇ ಪಾಕವಿಧಾನವು ಮನೆಮನೆಗೂ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಮ್ಯಾಸಚೂಸೆಟ್ಸಿನ ಸೈನಿಕರಿಗೆ ಮನೆಯವರು ಈ ಕುಕಿಗಳನ್ನು ಕಳುಹಿಸುತ್ತಿದ್ದರು. ಜೊತೆಗಾರರೊಡನೆ ಹಂಚಿಕೊಂಡು ತಿಂದ ಆ ತುತ್ತಿನಿಂದ ದೇಶದ ಉದ್ದಗಲಕ್ಕೂ ಅದರ ಕೀರ್ತಿ ಹಬ್ಬಿತು.

ಕೀರ್ತಿಯ ಬೆನ್ನಿಗೇ ದಂತಕಥೆಗಳೂ ಬಂದವು. ಒಂದು ದಿನ ಅಕ್ರೋಟು ಮುಗಿದಿತ್ತಂತೆ, ಅವಸರದಲ್ಲಿ ಚಾಕೊಲೇಟು ಹಾಕಿದರಂತೆ! ಚಾಕೊಲೇಟು ತಾನೇ ಜಾರಿ ಕಣಕಕ್ಕೆ ಬಿತ್ತಂತೆ! ಅಚ್ಚುಕಟ್ಟಿಗೆ ಹೆಸರಾದ ಅಡಿಗೆಮನೆಯಲ್ಲಿ ಹೀಗೆ ನಡೆದೀತೆ? ಹೊಸತನ್ನು ಕೊಡಬೇಕೆಂದು ಯೋಚಿಸಿಯೇ ಅದನ್ನು ರೂಪಿಸಿದುದಾಗಿ ವೃದ್ಧಾಪ್ಯದಲ್ಲಿ ರೂತ್ ಅವರೇ ತಿಳಿಸಿದರು. ಆದರೂ ಸುಳ್ಳು ಕಥೆಯೇ ಬಹುಕಾಲ ಮೆರೆಯಿತು. ಸ್ತ್ರೀಯೊಬ್ಬರು ಬುದ್ಧಿಯಿಂದ ಸಾಧಿಸಿದುದನ್ನು ಅಡಿಗೆಮನೆಯ ಆಕಸ್ಮಿಕವೆಂದು ಎಣಿಸುವುದು ಅನ್ಯಾಯವೆಂದೇ ನಾವು ಭಾವಿಸುತ್ತೇವೆ.

ದಂಪತಿಗಳು 1967ರಲ್ಲಿ ಟೋಲ್ ಹೌಸನ್ನು ಮಾರಿದರು. 1977ರಲ್ಲಿ ರೂತ್ ಅವರು ನಿಧನರಾದರು. 1984ರ ಕೊನೆಯ ರಾತ್ರಿ ಆ ಕಟ್ಟಡವೂ ಬೆಂಕಿಗೆ ಆಹುತಿಯಾಯಿತು. ಕುಕಿ ಮಾತ್ರ ಉಳಿಯಿತು. ಸಾಮರ್ಸೆಟ್ ಎಂಬ ಊರಿನ ಮೂರನೆಯ ತರಗತಿಯ ಮಕ್ಕಳು ಮಾಡಿದ ಸೂಚನೆಯಂತೆ 1997ರಲ್ಲಿ ಮ್ಯಾಸಚೂಸೆಟ್ಸ್ ಅದನ್ನು ತನ್ನ ಅಧಿಕೃತ ಕುಕಿಯೆಂದು ಅಂಗೀಕರಿಸಿತು.

ವಿದ್ಯಾರ್ಥಿಗಳೇ, ಗಣಿತವಾಗಲಿ ಅಡಿಗೆಯಾಗಲಿ, ಮನಸ್ಸಿಟ್ಟು ಕಲಿತ ಯಾವ ವಿದ್ಯೆಯೂ ಕೀಳಲ್ಲ. ನಿಮ್ಮಲ್ಲೊಬ್ಬರು ಶ್ರಮದಿಂದ ಗೆದ್ದಾಗ ಅದನ್ನು ಅದೃಷ್ಟವೆನ್ನಬೇಡಿ, ಶ್ರಮವೆಂದೇ ಕರೆಯಿರಿ.